ಥ್ರೋಬಾಲ್ ಆಡೋವಾಗ ಹಿಮ್ಮಡಿ ಮ್ಯಾಲಿಂದು ಹರದದ: ಆಪರೇಷನ್ನೋ, ಬೂಟೋ?

ಕೊಥ್ರೂಡದ ಧಾರವಾಡಾಕಿ:

ನಮಸ್ಕಾರ್ರಿ ಎಲ್ಲಾರಿಗೂ. ನನಗ 43, ಪುಣೆಕ್ಕ ಬಂದು 16 ವರ್ಷ ಆತು, ಸಾಲಿ ಟೀಚರ್. ಹೋದ ರವಿವಾರದ ಹಿಂದಿನ ರವಿವಾರ ನಮ್ಮ ಸೊಸೈಟಿ ಪಾರ್ಕಿಂಗ್‌ನ್ಯಾಗ ರಾಜ್ಯೋತ್ಸವದ ಥ್ರೋಬಾಲ್ ಪಂದ್ಯಕ್ಕ ಪ್ರಾಕ್ಟೀಸ್ ನಡದಿತ್ತು. ಕೆಳಗ ಬರೇ ಕಾಂಕ್ರೀಟ್. ಮುಂದ ಓಡಿ ಚೆಂಡು ಹಿಡದೆ, ಮೂರು ಸೆಕೆಂಡಿನ್ಯಾಗ ಒಗೀಬೇಕಲ್ಲ, ಎಡಗಾಲು ಒತ್ತಿದೆ ನೋಡ್ರಿ, ಹಿಮ್ಮಡಿ ಹಿಂದ ಟಪ್ ಅಂತು. ಆಚೀ ಕಡೆ ತಂಡದವರಿಗೂ ಕೇಳಿಸ್ತಂತ. ಯಾರೋ ಹಿಂದಿನಿಂದ ಚೆಂಡು ಹೊಡದ್ರು ಅಂದ್ಕೊಂಡೆ. ಚೆಂಡು ನನ್ನ ಕೈಯಾಗನ ಇತ್ತು.

ಅವತ್ತ ತೋರಿಸಿದ ಡಾಕ್ಟರ್ ಪಾದ ಕೆಳಗ ಒತ್ತು ಅಂದ್ರು. ಒತ್ತಿದೆ. ಉಳುಕು ಅದ, ಹರದಿಲ್ಲ ಅಂತ ಪಟ್ಟಿ ಸುತ್ತಿ ಕಳಿಸಿದ್ರು. ನಾನೂ ಕುಂಟಿಕೋತನ ಸಾಲಿಗೆ ಹೋದೆ. ಆದ್ರ ಮ್ಯಾಲಿನ ಹಲಗಿ ಮ್ಯಾಲಿನ ಡಬ್ಬಿ ತಗೊಳ್ಳಾಕ ಎಡಗಾಲ ತುದಿ ಮ್ಯಾಲೆ ನಿಲ್ಲಾಕ ಬರಲೇ ಇಲ್ಲ. ನಿನ್ನೆ, 12ನೇ ದಿನ, ಹುಬ್ಬಳ್ಳಿ ಅಕ್ಕ ಬೈದದ್ದಕ್ಕ ಇನ್ನೊಬ್ಬರ ಕಡೆ ಹೋದೆ. ಬೋರಲು ಮಲಗಿಸಿ ಬಲಗಾಲಿನ ಮೀನಖಂಡ ಹಿಂಡಿದ್ರು, ಪಾದ ಅಲ್ಲಾಡಿತು. ಎಡಗಾಲಿಂದು ಹಿಂಡಿದ್ರ ಪಾದ ಸುಮ್ಮನ ಜೋತು ಬಿದ್ದಿತ್ತು. ಪೂರ್ತಿ ಹರದದ, ಆಪರೇಷನ್ ಮಾಡಿಸ್ರಿ ಅಂದ್ರು. ಪಾದ ಅಲ್ಲಾಡದಂಗ ಹಿಡಿಯೋ ಆಸ್ಪತ್ರಿ ಬೂಟು ಹಾಕ್ಕೊಂಡ್ರ ತಾನ ಕೂಡ್ತದ ಅಂತ ಗೆಳತಿ ಹೇಳ್ತಾಳ. ನರ ಹರದದ, ಎಣ್ಣಿ ಹಚ್ಚಿ ತಿಕ್ಕು ಅಂತಾರ ನಮ್ಮತ್ತಿ. ಮೂರನೇ ಮಾಳಗಿ, ಲಿಫ್ಟ್ ಇಲ್ಲ. ರಾತ್ರಿ ನಿದ್ದಿ ಬರವಲ್ತು. ನೀವ್ಯಾರರೆ ಅನುಭವಿಸಿದ್ರ ಹೇಳ್ರಿ.

ಹಡಪ್ಸರ್ ಫಿಸಿಯೋ:

ಮೇಡಂ, ಮೊದಲು ಒಂದು ಮಾತು. ಎಣ್ಣೆ ಹಚ್ಚಿ ತಿಕ್ಕಬೇಡಿ. ಹರಿದಿರುವುದು ನರವಲ್ಲ, ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ಅಕಿಲಿಸ್ ಸ್ನಾಯುರಜ್ಜು. ಮೈಯಲ್ಲೇ ದಪ್ಪನೆಯ ರಜ್ಜು ಅದು. ಪಾದ ಕೆಳಗೆ ಒತ್ತಲು ಬಂತು ಅನ್ನುವುದರಿಂದಲೇ ಇದು ಎಷ್ಟೋ ಸಲ ತಪ್ಪಿಹೋಗುತ್ತದೆ. ಬೆರಳು ಮಡಿಸುವ ಸ್ನಾಯುಗಳೂ ಪಾದವನ್ನು ಅಷ್ಟಿಷ್ಟು ಕೆಳಗೆಳೆಯುತ್ತವೆ. ನಿನ್ನೆ ಮಾಡಿದ್ದು ಥಾಂಪ್ಸನ್ ಪರೀಕ್ಷೆ, ಅದನ್ನೇ ನಂಬಿ.

ನಿಮ್ಮ ಗೆಳತಿ ಹೇಳಿದ್ದೂ ಸುಳ್ಳಲ್ಲ. 2022ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ 526 ಜನರನ್ನು ನೋಡಿದ್ದರು. ವರ್ಷದ ಕೊನೆಗೆ ಆಪರೇಷನ್ ಆದವರ ಕಾಲೂ ಆಗದವರ ಕಾಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಆದರೆ ಮತ್ತೆ ಹರಿದದ್ದು ಆಪರೇಷನ್ ಇಲ್ಲದವರಲ್ಲಿ ಶೇ. 6.2, ಆದವರಲ್ಲಿ ಶೇ. 0.6. ಆಪರೇಷನ್ ಆದವರಲ್ಲಿ ನರಕ್ಕೆ ಪೆಟ್ಟಾದದ್ದು ಹೆಚ್ಚು. ಅವರೆಲ್ಲ ಹೊಸ ಗಾಯದವರು ಅನ್ನುವುದು ನಿಮ್ಮ ವಿಷಯದಲ್ಲಿ ಮುಖ್ಯ. ನೀವು 12 ದಿನ ಅದರ ಮೇಲೆ ನಡೆದಿದ್ದೀರಿ, ತುದಿಗಳು ದೂರ ಸರಿದಿರಬಹುದು. ಪಾದ ಕೆಳಗೆ ಬಾಗಿಸಿ ಅಲ್ಟ್ರಾಸೌಂಡ್ ಮಾಡಿದಾಗ ತುದಿಗಳು ಒಂದಕ್ಕೊಂದು ತಾಗುತ್ತವೆಯೇ ಎಂದು ಕೇಳಿ. ತಾಗದಿದ್ದರೆ ಬೂಟಿನ ಆಸೆ ಬಿಡಿ. ತಡಮಾಡಿದಷ್ಟೂ ಹೊಲಿಯುವುದು ಕಷ್ಟ. ಇತ್ತೀಚೆಗೆ ಸಿಪ್ರೋಫ್ಲಾಕ್ಸಸಿನ್, ಲೆವೋಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಗುಳಿಗೆ ನುಂಗಿದ್ದರೆ ಡಾಕ್ಟರಿಗೆ ಹೇಳಿ, ಅವು ಈ ರಜ್ಜುವನ್ನು ದುರ್ಬಲ ಮಾಡುತ್ತವೆ. ಮೀನಖಂಡ ಊದಿ ನೋವು ಏರಿದರೆ, ಉಸಿರು ಕಟ್ಟಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟುವ ಭಯ ಎರಡೂ ದಾರಿಯಲ್ಲಿದೆ.

ಡೊಂಬಿವಲಿಯ ಕುಂದಾಪ್ರದವ:

ಅಕ್ಕಾ, ನನ್ನದು ಶಟಲ್ ಆಡುವಾಗ, 2019ರಲ್ಲಿ. ಮೂರನೇ ದಿನಕ್ಕೇ ಆಪರೇಷನ್ ಆಯಿತು. ಹೊಲಿಗೆಯ ನೋವು ಅಷ್ಟೇನಿಲ್ಲ, ಕಷ್ಟ ಎಲ್ಲ ಮೆಟ್ಟಿಲಿನದ್ದು ಮತ್ತು ಬಚ್ಚಲಿನದ್ದು. ನಮ್ಮದು ಎರಡನೇ ಮಹಡಿ. ಊರುಗೋಲು ಹಿಡಿದು ಇಳಿಯುವ ಸಾಹಸ ಮಾಡಲೇ ಇಲ್ಲ, ಕುಳಿತುಕೊಂಡೇ ಒಂದೊಂದು ಮೆಟ್ಟಿಲು ಜಾರಿ ಇಳಿದೆ, ಹಾಗೇ ಕುಳಿತು ಹಿಮ್ಮುಖವಾಗಿ ಹತ್ತಿದೆ. ನಾಚಿಕೆ ಮಾಡಬೇಡಿ. ಬಚ್ಚಲಿಗೆ ಒಂದು ಗಟ್ಟಿ ಸ್ಟೂಲು ಇಡಿಸಿ. ಬೂಟಿನೊಳಗೆ ಹಿಮ್ಮಡಿ ಕೆಳಗೆ ಬೆಣೆ ಇಡುತ್ತಾರೆ, ಹೇಳಿದ ವಾರಕ್ಕೆ ಒಂದೊಂದೇ ತೆಗೆಯುತ್ತಾರೆ. ಕಾಲು ಚೆನ್ನಾಗಿದೆ ಅನಿಸಿತು ಅಂತ ನೀವೇ ಮೊದಲೇ ತೆಗೆಯಬೇಡಿ. ಲೋಕಲ್ ಟ್ರೇನಿಗೆ ಮೂರು ತಿಂಗಳು ಹತ್ತಿರಲಿಲ್ಲ. ಕ್ರಿಕೆಟಿಗ ಮೊಹಮ್ಮದ್ ಶಮಿಗೆ 2024ರ ಫೆಬ್ರವರಿಯಲ್ಲಿ ಇದೇ ರಜ್ಜುವಿನ ಆಪರೇಷನ್ ಆಗಿ, ಪಂದ್ಯದಲ್ಲಿ ಮತ್ತೆ ಬೌಲಿಂಗ್ ಮಾಡಿದ್ದು ನವೆಂಬರಿನಲ್ಲಿ. ನಾವು ಅವಸರ ಮಾಡುವುದು ಯಾಕೆ ಹೇಳಿ.

ವಾಸ್ಕೋದಿಂದ:

ನಾನು ಫುಟ್ಬಾಲ್ ಆಡುತ್ತಾ ಹರಿದುಕೊಂಡವನು. ಮರುದಿನವೇ ಗೊತ್ತಾಯಿತು, ಆಪರೇಷನ್ ಇಲ್ಲದೆ ಬೂಟಿನಲ್ಲೇ ಕೂಡಿತು. ಬೂಟು ಬಿಟ್ಟ ಎರಡನೇ ವಾರ ಮಳೆಗಾಲದ ಪಾಚಿಯಲ್ಲಿ, ಮನೆಯ ಕೆಂಪುಕಲ್ಲಿನ ಮೆಟ್ಟಿಲ ಮೇಲೆ ಜಾರಿದೆ. ಮತ್ತೆ ಹರಿಯಿತು. ಯಾವ ದಾರಿ ಹಿಡಿದರೂ ಆ ಒಂದೆರಡು ತಿಂಗಳು ಒದ್ದೆ ನೆಲ ಕಂಡರೆ ನಿಂತುಬಿಡಿ ತಂಗಿ.

ಕೊಥ್ರೂಡದ ಧಾರವಾಡಾಕಿ:

ಎಲ್ಲಾರೂ ಇಷ್ಟು ಕಳಕಳಿಯಿಂದ ಬರದೀರಿ, ಓದಿ ಕಣ್ಣಾಗ ನೀರು ಬಂತು. ಇವತ್ತ ಪಾದ ಬಾಗಿಸಿ ಅಲ್ಟ್ರಾಸೌಂಡ್ ಮಾಡಿದ್ರು. ತುದಿ ತಾಗವಲ್ವು, ನಡುವ ಇನ್ನೂ ಎರಡೂವರಿ ಸೆಂಟಿಮೀಟರ್ ಅಂತರ ಅದ. ಬುಧವಾರ ಆಪರೇಷನ್. ನಮ್ಮತ್ತಿಯವರಿಗೆ ಚಿತ್ರ ತೋರಿಸಿ ತಿಳಿಸಿ ಹೇಳಿದೆ, ಎಣ್ಣಿ ಬಾಟ್ಲಿ ಒಳಗಿಟ್ರು. ಹೆಡ್‌ಮಿಸ್ಟ್ರೆಸ್ ಕಡೆ ಕೆಳಗಿನ ಕ್ಲಾಸ್‌ರೂಮ್ ಕೇಳೇನಿ. ಪಾರ್ಕಿಂಗ್‌ನ್ಯಾಗ ಇನ್ನ ಆಡಬ್ಯಾಡ್ರಿ, ಮಣ್ಣಿನ ಮೈದಾನ ಹುಡುಕ್ರಿ ಅಂತ ನಮ್ಮ ತಂಡದವರಿಗೂ ಹೇಳೇನಿ.

ಕುಂದಾಪ್ರದ ಅಣ್ಣಾರ, ಆ ಬಚ್ಚಲ ಸ್ಟೂಲು ಎಷ್ಟು ಎತ್ತರದ್ದು ತಗೊಂಡಿದ್ರಿ? ನಾಳೆ ಮನೆಯವರು ಪ್ಯಾಟಿಗೆ ಹೊಂಟಾರ.