‘ದೀಪ ಆರಿಸುವುದು ಹೇಗೆ?’: ಸೈಕಲ್ ದೀಪದ ಸುತ್ತ ಕೆಲವು ಪದಗಳು

ರಾತ್ರಿ ಸೈಕಲ್ ತುಳಿಯುವವರು ಎಂಥ ದೀಪ ಕೊಳ್ಳಬೇಕು ಅನ್ನುವ ಬಗ್ಗೆ ಎರಡು ಪುಟದ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ‘ಸರಿಯಾದ ದೀಪ ಆರಿಸುವುದು ಹೇಗೆ?’ ಅಂತ ತಲೆಬರಹ ಕೊಟ್ಟು ಮನೆಯಲ್ಲಿ ತೋರಿಸಿದೆ. ಮಗಳು ಓದಿ, “ಗುಂಡಿ ಒತ್ತಿದ್ರೆ ಆರುತ್ತಲ್ಲಪ್ಪ, ಅದಕ್ಕೆ ಎರಡು ಪುಟ ಯಾಕೆ?” ಅಂದಳು.

ಅವಳದೇನೂ ತಪ್ಪಿಲ್ಲ. ಕಲ್ಲು ಆರಿಸುವುದೂ ಆರಿಸುವುದೇ, ದೀಪ ನಂದಿಸುವುದೂ ಆರಿಸುವುದೇ, ಒದ್ದೆ ಬಟ್ಟೆ ಹರವುವುದೂ ಆರಿಸುವುದೇ. ಬೇರೆ ಯಾವ ವಸ್ತುವಿನ ಮುಂದೆ ಬಂದರೂ ಗೊಂದಲವಾಗದ ಪದ ದೀಪದ ಮುಂದೆ ಬಂದಾಗ ಮಾತ್ರ ಕೈಕೊಡುತ್ತದೆ. ತಲೆಬರಹ ಸದ್ಯಕ್ಕೆ ‘ಯಾವ ದೀಪ ಕೊಳ್ಳಬೇಕು?’ ಅಂತಾಗಿದೆ. ಒಳಗಿನ ಪದಗಳು ಇಷ್ಟು ಸುಲಭವಾಗಿ ಬಗ್ಗಲಿಲ್ಲ, ಅದಕ್ಕೇ ಈ ಓಲೆ.

ಸೈಕಲ್ ದೀಪಗಳಲ್ಲಿ ಎರಡು ಜಾತಿ. ಕತ್ತಲ ದಾರಿಯಲ್ಲಿ ಗುಂಡಿ, ಕಲ್ಲು, ತಿರುವು ನಮ್ಮ ಕಣ್ಣಿಗೆ ಬೀಳಲಿ ಅಂತ ಕಟ್ಟುವುದು ಒಂದು. ಬೀದಿದೀಪ ಇದ್ದು ದಾರಿ ಹೇಗೂ ತಿಳಿಯುವ ಕಡೆ, ನಾವು ಬೇರೆಯವರ ಕಣ್ಣಿಗೆ ಬೀಳಲಿ ಅಂತ ಕಟ್ಟುವುದು ಇನ್ನೊಂದು. ಮೊದಲನೆಯದಕ್ಕೆ ನೂರಾರು ಲ್ಯೂಮೆನ್ (ದೀಪ ಬೀರುವ ಬೆಳಕಿನ ಅಳತೆ) ಬೇಕು. ಎರಡನೆಯದಕ್ಕೆ ಹತ್ತಾರು ಸಾಕು, ಆದರೆ ಪಕ್ಕದಿಂದಲೂ ತೋರುವಂತಿರಬೇಕು. ಕೊಳ್ಳುವವರು ಮೊದಲು ತೀರ್ಮಾನಿಸಬೇಕಾದದ್ದೇ ಇದು. ಇದನ್ನು ಒಂದು ಸಾಲಿನಲ್ಲಿ ಹೇಳಲು ಹೋಗಿ ‘ನಾವು ಕಾಣುವ ದೀಪ’ ಅಂತ ಬರೆದೆ, ಮತ್ತೆ ಓದಿದರೆ ಮೂರು ಅರ್ಥ. ನಮಗೆ ಗೋಚರಿಸುವ ದೀಪ, ನಾವು ದಾರಿ ಕಾಣಲು ನೆರವಾಗುವ ದೀಪ, ನಾವು ಇತರರಿಗೆ ಕಾಣುವಂತೆ ಮಾಡುವ ದೀಪ. ‘ಅವಳು ಹುಲಿಯನ್ನು ಕಂಡಳು’, ‘ಅವಳಿಗೆ ಹುಲಿ ಕಂಡಿತು’: ನಮ್ಮಲ್ಲಿ ನೋಡಿದವರೂ ಕಾಣುತ್ತಾರೆ, ಕಣ್ಣಿಗೆ ಬಿದ್ದವರೂ ಕಾಣುತ್ತಾರೆ. ಕಾವ್ಯಕ್ಕೆ ಒಳ್ಳೆಯ ಗುಣ, ಕೈಪಿಡಿಗಲ್ಲ.

ಮೊದಲ ಜಾತಿಗೆ ‘ದಾರಿದೀಪ’ ಅನ್ನೋಣ ಅಂತ ಮನಸ್ಸು. ಪದವೇನೋ ಇದೆ, ಆದರೆ ಸನ್ಮಾನ ಸಮಾರಂಭಗಳಲ್ಲಿ ದುಡಿದು ದುಡಿದು ರೂಪಕವಾಗಿಯೇ ಉಳಿದುಹೋಗಿದೆ. ದಾರಿಗೆ ನಿಜವಾಗಿಯೂ ಬೆಳಕು ಬಿಡುವ ವಸ್ತುವಿಗೆ ಅದನ್ನು ಮರಳಿ ಕೊಟ್ಟರೆ ಓದುಗರು ನಗುತ್ತಾರೋ ಒಪ್ಪುತ್ತಾರೋ? ಎರಡನೆಯದಕ್ಕೆ ‘ಗುರುತುದೀಪ’ ಬರೆದುಕೊಂಡಿದ್ದೇನೆ. ಪೂರ್ತಿ ಸಮಾಧಾನವಿಲ್ಲ. ಅದು ನಾನು ಯಾರು ಅಂತ ಹೇಳುವ ದೀಪವಲ್ಲ, ಇಲ್ಲಿ ಒಬ್ಬ ಇದ್ದಾನೆ ಅಂತ ಹೇಳುವ ದೀಪ. ‘ಇರವಿನ ದೀಪ’ ಅಂದರೆ ಅರ್ಥ ಕೂಡುತ್ತದೆ, ಆದರೆ ಕವನ ಸಂಕಲನದ ಹೆಸರಿನಂತೆ ಕೇಳಿಸುತ್ತದೆ. ‘ಹಿಂಬಾಗಿಲು’, ‘ಮುಂಬಾಗಿಲು’ ಇದ್ದ ಹಾಗೆ ‘ಮುಂದೀಪ’, ‘ಹಿಂದೀಪ’ ಮಾಡಿಯೂ ನೋಡಿದೆ. ಎರಡನೆಯದನ್ನು ಎಲ್ಲರೂ ‘ಹಿಂದಿ’ ಅಂತ ಓದಲು ಶುರುಮಾಡಿ ಕೊನೆಯ ಅಕ್ಷರದಲ್ಲಿ ಮುಗ್ಗರಿಸುತ್ತಾರೆ. ಹಾಗಾಗಿ ‘ಮುಂದಿನ ದೀಪ’, ‘ಹಿಂದಿನ ದೀಪ’ ಅಂತಲೇ ಬಿಟ್ಟಿದ್ದೇನೆ. ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು, ಜೊತೆಗೊಂದು ಕೆಂಪು ಪ್ರತಿಫಲಕ ಅನ್ನುವುದು 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದಲ್ಲೇ ಇರುವುದರಿಂದ ಅಲ್ಲಿ ಹೆಚ್ಚು ಬರೆಯಬೇಕಾಗಿಲ್ಲ.

ನಿಜವಾದ ಜಗಳ ಇರುವುದು ‘ಎಷ್ಟು ಬೆಳಕು?’ ಅನ್ನುವಲ್ಲಿ. ದೀಪದ ಡಬ್ಬಿಯ ಮೇಲೆ ಮೂರು ಅಳತೆ ಕಾಣಿಸಬಹುದು: ಲ್ಯೂಮೆನ್, ಕ್ಯಾಂಡೆಲಾ, ಲಕ್ಸ್. ನಾವು ಮೂರನ್ನೂ ‘ಪ್ರಕಾಶ’ ಅಂದುಬಿಡುತ್ತೇವೆ. ಹೆಚ್ಚು ಲ್ಯೂಮೆನ್ ಇದ್ದದ್ದೇ ಒಳ್ಳೆಯ ದೀಪ ಅಂತ ಜನ ಮೋಸಹೋಗುವುದಕ್ಕೆ ಈ ಒಂದು ಪದವೂ ಕಾರಣ ಅಂತ ನನ್ನ ಗುಮಾನಿ. ‘ದ್ಯುತಿ’ಯಿಂದ ಶುರುವಾಗುವ ಮೂರು ಸಮಾಸ ಹೊಸೆಯಬಹುದು. ಪರೀಕ್ಷೆಗೆ ಓದುವವರು ಬಾಯಿಪಾಠ ಮಾಡುತ್ತಾರೆ, ಸೈಕಲ್ ಕೊಳ್ಳುವವರು ಪುಟ ತಿರುಗಿಸುತ್ತಾರೆ.

ನಾಮಪದ ಹುಡುಕುವುದು ಬಿಟ್ಟು ಬೆಳಕಿನ ಜೊತೆ ನಾವು ಬಳಸುವ ಕ್ರಿಯಾಪದಗಳನ್ನು ಬರೆದುಕೊಂಡಾಗ ಸ್ವಲ್ಪ ದಾರಿ ಸಿಕ್ಕಿತು. ಬೆಳಕು ಬೀರುತ್ತೆ, ಸೂಸುತ್ತೆ, ಚೆಲ್ಲುತ್ತೆ, ಹಾಯುತ್ತೆ, ಬೀಳುತ್ತೆ. ದೀಪವನ್ನು ಹಚ್ಚುತ್ತೇವೆ, ಲೈಟನ್ನು ಹಾಕುತ್ತೇವೆ, ಟಾರ್ಚನ್ನು ಮಾತ್ರ ‘ಬಿಡು’ತ್ತೇವೆ. ‘ಬ್ಯಾಟರಿ ಬಿಟ್ಟು ನೋಡು’ ಅನ್ನುವವರು ಯಾರೂ ‘ಬ್ಯಾಟರಿ ಹಚ್ಚಿ ನೋಡು’ ಅನ್ನುವುದಿಲ್ಲ. ಒಂದು ದಿಕ್ಕಿಗೆ ಗುರಿಯಿಟ್ಟ ಬೆಳಕು ಬೇರೆ ಅಂತ ಭಾಷೆಗೆ ಮೊದಲಿಂದಲೂ ಗೊತ್ತು. ಭೌತಶಾಸ್ತ್ರ ಮೂರು ಹೆಸರಿನಲ್ಲಿ ಹೇಳುವುದನ್ನು ಕನ್ನಡ ಮೂರು ಕ್ರಿಯೆಯಲ್ಲಿ ಹೇಳುತ್ತಿದೆ. ದೀಪ ಎಲ್ಲ ಕಡೆಗೂ ಸೇರಿ ಒಟ್ಟು ಬೀರುವ ಬೆಳಕು ಲ್ಯೂಮೆನ್. ಒಂದು ದಿಕ್ಕಿಗೆ ಎಷ್ಟು ಒತ್ತಾಗಿ ಹಾಯುತ್ತದೆ ಅನ್ನುವುದು ಕ್ಯಾಂಡೆಲಾ. ಒಂದು ಚದರ ಮೀಟರ್ ನೆಲದ ಮೇಲೆ ಎಷ್ಟು ಬೀಳುತ್ತದೆ ಅನ್ನುವುದು ಲಕ್ಸ್. ‘ಬೀರುಬೆಳಕು, ಹಾಯ್ಬೆಳಕು, ಬೀಳ್ಬೆಳಕು’ ಅಂತ ಜೋಡಿಸಿದರೆ ಕೃತಕವಾದೀತೇ? ‘ಬೀರುವ ಬೆಳಕು’ ಅಂತ ಬಿಡಿಯಾಗಿ ಬರೆದರೇ ಸಹಜ ಅನ್ನಿಸುತ್ತದೆ. ಲಕ್ಸ್ ಅಂದರೆ ಸೋಪು ನೆನಪಾಗುವುದಕ್ಕೆ ಮದ್ದಿಲ್ಲ.

ಲೆಕ್ಕದಲ್ಲಿ ನೋಡಿದರೆ ಈ ಕ್ರಿಯಾಪದಗಳು ನಿಲ್ಲುತ್ತವೆ. 10 ಮೀಟರ್ ದೂರದಲ್ಲಿ 40 ಲಕ್ಸ್ ಬೀಳುವಂತೆ ಮಾಡುವ ದೀಪ 4,000 ಕ್ಯಾಂಡೆಲಾ ಹಾಯಿಸುತ್ತಿರುತ್ತದೆ. ದೂರ ಇಮ್ಮಡಿಯಾದರೆ ಬೀಳುವ ಬೆಳಕು ಕಾಲುಭಾಗ, ಅಂದರೆ 20 ಮೀಟರಿನಲ್ಲಿ 10 ಲಕ್ಸ್. ಬರೀ ಬಲ್ಬಿನಂತೆ ಎಲ್ಲ ದಿಕ್ಕಿಗೂ ಸಮನಾಗಿ ಚೆಲ್ಲಿ ಇದೇ 4,000 ಕ್ಯಾಂಡೆಲಾ ಮುಟ್ಟಬೇಕಾದರೆ 50,000ಕ್ಕೂ ಹೆಚ್ಚು ಲ್ಯೂಮೆನ್ ಬೀರಬೇಕು. ಒಳ್ಳೆಯ ಕನ್ನಡಿಯೋ ಮಸೂರವೋ ಇದ್ದರೆ ಕೆಲವು ನೂರು ಲ್ಯೂಮೆನ್ನಿನಲ್ಲೇ ಕೆಲಸ ಮುಗಿಯುತ್ತದೆ. ಜರ್ಮನಿಯ ನಿಯಮ ಸೈಕಲ್ಲಿನ ಮುಂದಿನ ದೀಪಕ್ಕೆ ಲ್ಯೂಮೆನ್ ಕೇಳದೆ, 10 ಮೀಟರಿನಲ್ಲಿ ಕನಿಷ್ಠ 10 ಲಕ್ಸ್ ಬೀಳಬೇಕು ಅಂತ ಕೇಳುವುದು ಇದಕ್ಕೇ.

ಇಲ್ಲಿ ಒಂದು ಅಡ್ಡಮಾತು. ಲ್ಯೂಮೆನ್, ಲಕ್ಸ್ ಎರಡೂ ಲ್ಯಾಟಿನ್ನಿನಲ್ಲಿ ಬೆಳಕೇ. ಲ್ಯೂಮೆನ್‌ಗೆ ಬೆಳಕು ಒಳಬರುವ ಕಿಂಡಿ ಅನ್ನುವ ಅರ್ಥವೂ ಇತ್ತು, ನಮ್ಮ ಬೆಳಕಿಂಡಿಯ ಹಾಗೆ. ಕ್ಯಾಂಡೆಲಾ ಅಂದರೆ ಮೇಣದ ಬತ್ತಿ. ಆ ಪದ ಗ್ರೀಕಿಗೆ ಹೋಗಿ, ಅಲ್ಲಿಂದ ಅರಬ್ಬಿಯಲ್ಲಿ ‘ಕಂದೀಲ್’ ಆಗಿ, ಪಾರ್ಸಿಯ ದಾರಿಯಲ್ಲಿ ನಮ್ಮ ‘ಕಂದೀಲು’ ಆಯಿತು. ಹೊಸದು ಅಂತ ನಾವು ಲಿಪ್ಯಂತರ ಮಾಡಿಕೊಳ್ಳುತ್ತಿರುವ ಅಳತೆಯ ಹೆಸರು ಮನೆಯ ಮೊಳೆಯಲ್ಲಿ ಆಗಲೇ ನೇತಾಡುತ್ತಿತ್ತು. ‘ನಾಲ್ಕು ಸಾವಿರ ಕಂದೀಲು’ ಅಂತ ಬರೆಯುವ ಆಸೆಯನ್ನು ಬಹಳ ಕಷ್ಟದಿಂದ ತಡೆದುಕೊಂಡಿದ್ದೇನೆ.

ಡಬ್ಬಿಯ ಮೇಲೆ ‘126 ಮೀಟರ್’ ಅಂತ ದೂರವೂ ಇದ್ದರೆ ಜಾಗ್ರತೆ. ಟಾರ್ಚುಗಳಿಗಾಗಿ ರೂಪಿಸಿದ ಎಫ್‌ಎಲ್-1 ಎಂಬ ಮಾನದಂಡದಲ್ಲಿ ಬೆಳಕು ಹಾಯುವ ದೂರ ಅಂದರೆ ಕಾಲು ಲಕ್ಸ್ ಬೀಳುವಷ್ಟು ದೂರ, ಹೆಚ್ಚುಕಡಿಮೆ ಹುಣ್ಣಿಮೆಯ ಬೆಳಕು. ಮೇಲಿನ 4,000 ಕ್ಯಾಂಡೆಲಾಕ್ಕೆ ಲೆಕ್ಕ ಹಾಕಿದರೆ ಸರಿಯಾಗಿ ಆ 126 ಮೀಟರೇ ಬರುತ್ತದೆ. ಅಷ್ಟು ದೂರದಲ್ಲಿ ಬೀಳುವುದು ಬೆಳದಿಂಗಳು. ಅದರಲ್ಲಿ ಗುಂಡಿ ಹುಡುಕಲಾಗದು. ‘ಬೆಳಕು ತಲುಪುವ ದೂರ’ ಅಂತ ಬರೆದರೆ ಓದುಗರು ಅಲ್ಲಿಯವರೆಗೂ ದಾರಿ ನಿಚ್ಚಳ ಅಂದುಕೊಳ್ಳುತ್ತಾರೆ. ‘ಬೆಳದಿಂಗಳ ದೂರ’ ಅಂತ ಬರೆದು ಅಡಿಯಲ್ಲೊಂದು ವಿವರಣೆ ಕೊಟ್ಟಿದ್ದೇನೆ. ಅತಿಯಾಯಿತೇ, ಹೇಳಿ.

ಜಾಹೀರಾತಿನ ಕನ್ನಡದಲ್ಲಿ ‘ಕಣ್ಣು ಕೋರೈಸುವ’ ಅನ್ನುವುದು ಹೊಗಳಿಕೆ. ರಸ್ತೆಯಲ್ಲಿ ಅದು ಅಪರಾಧ. ಎದುರು ಬರುವವರ ಕಣ್ಣಿಗೆ ಹೊಡೆಯದಂತೆ ಮೇಲಂಚನ್ನು ಕತ್ತರಿಸಿದ ಹಾಗೆ ಬೆಳಕು ಬಿಡುವ ದೀಪಗಳಿವೆ. ಅದಕ್ಕೆ ‘ತಲೆ ತಗ್ಗಿಸಿದ ಬೆಳಕು’ ಅಂತ ಬರೆದೆ, ನನಗೆ ಇಷ್ಟವಾಗಿದೆ. ದೊಡ್ಡ ವಾಹನದವರು ‘ಡಿಮ್ ಮಾಡು’ ಅನ್ನುತ್ತಾರೆ, ಆದರೆ ಅಲ್ಲಿ ಆಗುವುದು ಬೆಳಕನ್ನು ಮಂಕು ಮಾಡುವುದಲ್ಲ, ಕೆಳಕ್ಕೆ ತಿರುಗಿಸುವುದು. ಕೈಪಿಡಿಯಲ್ಲಿ ‘ಡಿಮ್’ ಬಳಸಿದರೆ ಜನ ದೀಪದ ಗುಂಡಿ ಒತ್ತುತ್ತಾರೆ, ದೀಪವನ್ನು ಬಗ್ಗಿಸುವುದಿಲ್ಲ.

ಹಿಂದಿನ ದೀಪ ‘ಮಿನುಗು’ವುದೋ ‘ಮಿಟುಕು’ವುದೋ? ನಕ್ಷತ್ರ ಮಿನುಗುತ್ತದೆ, ಪೂರ್ತಿ ಆರುವುದಿಲ್ಲ. ಕಣ್ಣು ಮಿಟುಕುತ್ತದೆ, ಮುಚ್ಚಿ ತೆರೆಯುತ್ತದೆ. ನನ್ನ ಮತ ಮಿಟುಕಿಗೆ.

ಉರಿಯುವ ಸಮಯಕ್ಕೆ ಯಾರೋ ‘ಬಾಳಿಕೆ: 2 ಗಂಟೆ’ ಅಂತ ಬರೆದದ್ದನ್ನು ನೋಡಿದ್ದೇನೆ. ಎರಡು ಗಂಟೆ ಬಾಳಿ ಸಾಯುವ ದೀಪವನ್ನು ಯಾರು ಕೊಳ್ಳುತ್ತಾರೆ? ಆಡುಮಾತಿನಲ್ಲಿ ‘ಎಷ್ಟು ಹೊತ್ತು ಬರುತ್ತೆ?’ ಅಂತ ಕೇಳುತ್ತೇವೆ, ಅದೇ ಚೆನ್ನ. ಎಲ್‌ಇಡಿಯಲ್ಲಿ ಬೆಂಕಿ ಇಲ್ಲದಿದ್ದರೂ ‘ಉರಿಯುವ ಹೊತ್ತು’ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಇಲ್ಲಿಯೂ ಎಫ್‌ಎಲ್-1 ಒಂದು ಚಮತ್ಕಾರ ಇಟ್ಟಿದೆ. ಬೆಳಕು ಶುರುವಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೂ ದೀಪ ‘ಉರಿಯುತ್ತಿದೆ’ ಅಂತಲೇ ಅದರ ಲೆಕ್ಕ. ಅಂದರೆ 2 ಗಂಟೆಯ ಕೊನೆಯ ಪಾಲು ಬರೀ ಸೊರಗುವ ಕಾಲ ಇರಬಹುದು. ‘ಉರಿಯುವ ಹೊತ್ತು’, ‘ಸೊರಗುವ ಹೊತ್ತು’ ಅಂತ ಎರಡು ಮಾಡಬೇಕೆಂದಿದ್ದೇನೆ.

‘ಜಲನಿರೋಧಕ’ವನ್ನು ಕೈಬಿಟ್ಟೆ. ದೀಪ ಎಷ್ಟು ನೀರು ತಾಳುತ್ತದೆ ಅಂತ ಹೇಳುವ ಗುರುತುಗಳಲ್ಲಿ ಐಪಿಎಕ್ಸ್-4 ಅಂದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯುವುದು, ನಮ್ಮ ‘ಎರಚಲು’ ಅದಕ್ಕೆ ಹೇಳಿಮಾಡಿಸಿದ ಪದ. ಐಪಿಎಕ್ಸ್-7 ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುವುದು. ‘ಎರಚಲು ತಡೆ’, ‘ಮುಳುಗು ತಡೆ’.

ಇನ್ನೊಂದೇ ಪದ ಬಾಕಿ. ಚಕ್ರದಿಂದಲೇ ಕರೆಂಟು ಹುಟ್ಟಿಸುವ, ಸಾಮಾನ್ಯವಾಗಿ 6 ವೋಲ್ಟ್ 3 ವಾಟಿನ ಡೈನಮೋ ಕಟ್ಟಿದವರ ದೀಪ ಸೈಕಲ್ ನಿಂತರೆ ಆರುತ್ತಿತ್ತು. ಈಗಿನವುಗಳಲ್ಲಿ ಒಂದು ಕೆಪಾಸಿಟರ್ ಸ್ವಲ್ಪ ವಿದ್ಯುತ್ತು ಕೂಡಿಟ್ಟುಕೊಂಡು, ಸಿಗ್ನಲ್ಲಿನಲ್ಲಿ ಕಾಲೂರಿದಾಗಲೂ ಕೆಲವು ನಿಮಿಷ ಮಂದವಾಗಿ ಉರಿಸುತ್ತದೆ. ಅದಕ್ಕೆ ‘ನಿಲುಬೆಳಕು’ ಅಂತ ಬರೆದು ಹೊಡೆದುಹಾಕಿದೆ, ‘ಉಳಿಬೆಳಕು’ ಬರೆದೆ, ಅದೂ ಕಲ್ಲು ಕೆತ್ತುವ ಉಳಿಯ ಹಾಗೆ ಕಂಡಿತು. ಡೈನಮೋ ಸೈಕಲ್ ತುಳಿಯುವವರು ಯಾರಾದರೂ ಇದಕ್ಕೆ ಏನಾದರೂ ಹೆಸರಿಟ್ಟುಕೊಂಡಿದ್ದೀರಾ?