ಪದಚರ್ಚೆ: ರೇಸಿಂಗ್ ಆಟದ ‘ಹ್ಯಾಂಡ್ಲಿಂಗ್’ಗೆ ಏನನ್ನೋಣ? ‘ಹೊಳ್ಳವಲ್ದು’ ಎಲ್ಲ ಕಡೆ ನಡೆದೀತೇ?

ಎಲ್ಲರಿಗೂ ಶರಣು.

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಲ್ಲಿ ಆಡುವ ಕಾರ್ ರೇಸಿಂಗ್ ಆಟಗಳ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಓದುಗರು ನಮ್ಮ ಕಲಬುರಗಿಯ ಹುಡುಗರು, ಆಮೇಲೆ ಯಾರಾದರೂ ಸರಿ. ‘ಗ್ರ್ಯಾನ್ ಟುರಿಸ್ಮೊ’ 1997ರಲ್ಲಿ ಬಂದಾಗಿನಿಂದ ಇಂಥ ಆಟಗಳ ಹೆಚ್ಚುಗಾರಿಕೆಯೆಲ್ಲ ಗಾಡಿ ‘ಖರೇ ಗಾಡಿ ಹಂಗ’ ನಡೆಯುವುದರಲ್ಲಿದೆ. ಆ ನಡೆಯುವ ಬಗೆಯನ್ನು ಹೇಳಲು ಹೊರಟರೆ ಕೈಗೆ ಸಿಗುವುದು ‘ನಿಯಂತ್ರಣ’ ಒಂದೇ. ಕಂಟ್ರೋಲಿಗೂ ಅದೇ, ಹ್ಯಾಂಡ್ಲಿಂಗಿಗೂ ಅದೇ.

ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ‘ಚಾಲಕನ ನಿಯಂತ್ರಣ ತಪ್ಪಿ ಕಾರು ಪಲ್ಟಿ’ ಎಂದು ಪೇಪರಿನಲ್ಲಿ ಓದುತ್ತೇವಲ್ಲ, ಅಲ್ಲಿ ನಿಯಂತ್ರಣ ಚಾಲಕನದು. ಹ್ಯಾಂಡ್ಲಿಂಗ್ ಗಾಡಿಯ ಗುಣ: ಸ್ಟೇರಿಂಗ್ ತಿರುವಿದಾಗ, ಬ್ರೇಕ್ ಒತ್ತಿದಾಗ ಅದು ಏನು ಮಾಡುತ್ತದೆ ಎಂಬುದು. ‘ನಿರ್ವಹಣೆ’ ಅಂದರೆ ಆಯಿಲ್ ಬದಲಿಸುವುದು ನೆನಪಿಗೆ ಬರುತ್ತದೆ. ‘ಚಾಲನಾ ಗುಣಲಕ್ಷಣ’ ಪ್ರಶ್ನೆಪತ್ರಿಕೆಗೆ ಇರಲಿ. ನಮ್ಮ ಕಡೆಯವರು ‘ಈ ಗಾಡಿ ಛಲೋ ಕೇಳ್ತದ’, ‘ಮಾತ ಕೇಳವಲ್ದು’ ಅನ್ನುತ್ತಾರೆ, ಎತ್ತಿಗೂ ಮಕ್ಕಳಿಗೂ ಅಂದ ಹಾಗೆಯೇ. ನಾಮಪದ ಸಿಗದಿದ್ದರೂ ‘ಗಾಡಿ ಹೆಂಗ ಕೇಳ್ತದ’ ಎಂದೇ ತಲೆಬರಹ ಹಾಕಿಬಿಡೋಣವೆಂದು ನನ್ನ ಮನಸ್ಸು.

ಹೆಚ್ಚಿನ ಪೇಚು ‘ಅಂಡರ್‌ಸ್ಟೀರ್’ದು. ಜೋರಾಗಿ ಬಂದು ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುವಿದರೂ ಮುಂದಿನ ಟೈರುಗಳಿಗೆ ಹಿಡಿತ ಸಾಲದೆ ಗಾಡಿ ನೆಟ್ಟಗೆ ಹೊರಗೆ ಹೋಗುವುದು. ಟೈರಿಗೆ ಇರುವ ಹಿಡಿತ ಇಂತಿಷ್ಟೇ. ಅದನ್ನೆಲ್ಲ ಬ್ರೇಕಿಗೇ ಖರ್ಚು ಮಾಡಿದರೆ ತಿರುಗಲು ಉಳಿಯುವುದಿಲ್ಲ. ಅದಕ್ಕೇ ನೆಟ್ಟನೆಯ ದಾರಿಯಲ್ಲೇ ಜೋರು ಬ್ರೇಕ್ ಮುಗಿಸಿ, ಉಳಿದದ್ದನ್ನು ಸಡಿಲ ಬಿಡುತ್ತ ತಿರುಗಬೇಕು. ಗಾಡಿ ಹೀಗೆ ನೆಟ್ಟಗೆ ಹೋದಾಗ ಪ್ಯಾಡ್ (ಆಟ ಆಡಿಸುವ ಕೈಸಾಧನ) ಹಿಡಿದ ಹುಡುಗರು ಕೂಗುವುದು ‘ಹೊಳ್ಳವಲ್ದಲೇ!’, ಅಂದರೆ ‘ತಿರುಗಲು ಒಲ್ಲದಲೇ!’ ಎಂದು. ಇದು ಆಟದಿಂದ ಹುಟ್ಟಿದ ಮಾತಲ್ಲ. ಮಳೆಗಾಲದಲ್ಲಿ ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದವರನ್ನು ಕೇಳಿ: ಮುಂದಿನ ಗಾಲಿ ಅಡ್ಡ ತಿರುಗಿ ನಿಂತಿರುತ್ತವೆ, ಕೆಸರನ್ನು ನೂಕಿಕೊಂಡು ಟ್ರ್ಯಾಕ್ಟರ್ ಮಾತ್ರ ನೆಟ್ಟಗೇ ಹೋಗುತ್ತಿರುತ್ತದೆ. ಟ್ರ್ಯಾಕ್ಟರಿನ ಹಿಂದಿನ ಎಡಗಾಲಿಗೊಂದು, ಬಲಗಾಲಿಗೊಂದು ಬ್ರೇಕ್ ಪೆಡಲ್ ಬೇರೆಬೇರೆ ಇರುತ್ತದಲ್ಲ, ಆಗ ಒಂದೇ ಕಡೆಯದನ್ನು ತುಳಿದು ಹೊಳ್ಳಿಸುತ್ತಾರೆ. ಕಾರುಗಳ ಸ್ಟೆಬಿಲಿಟಿ ಕಂಟ್ರೋಲ್ ಇದೇ ಕೆಲಸವನ್ನು ತಾನೇ ಮಾಡುತ್ತದೆ. ಗಾಡಿ ಹೊಳ್ಳದೆ ಹೋದರೆ ಒಳಮಗ್ಗುಲಿನ ಹಿಂದಿನ ಗಾಲಿಗಷ್ಟೇ ಬ್ರೇಕ್ ಹಾಕುತ್ತದೆ. ಆಟದ ಸೆಟ್ಟಿಂಗಿನಲ್ಲಿ ಅದನ್ನು ಆಫ್ ಮಾಡಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಈ ‘-ವಲ್ದು’ ಬಂದದ್ದು ‘ಒಲ್ಲದು’ವಿನಿಂದ. ನಾನು ತಿರುವುತ್ತಿದ್ದೇನೆ, ಗಾಡಿ ಒಲ್ಲೆ ಅನ್ನುತ್ತಿದೆ. ‘ಹೊಳ್ಳಂಗಿಲ್ಲ’ ಅಂದರೆ ಅದರ ಸ್ವಭಾವವೇ ಹಾಗೆ ಎಂದಾದೀತು. ‘ಹೊಳ್ಳವಲ್ದು’ ಈ ಗಳಿಗೆಯ ಹಟ. ‘ಅಲ್ಪತಿರುವು’ ಎಂದು ಒಬ್ಬರು ಸೂಚಿಸಿದ್ದರು. ಅದರಲ್ಲಿ ಈ ಹಟ ಎಲ್ಲಿದೆ?

ತಕರಾರು ದಕ್ಷಿಣದಿಂದ ಬರಬಹುದು. ‘ಹೊಳ್ಳು’ ಅಂದರೆ ‘ಹೊರಳು’, ಕೊರಳಾಗ ‘ಕೊಳ್ಳಾಗ’ ಆದಂತೆ. ನಮ್ಮಲ್ಲಿ ‘ಎಡಕ್ಕ ಹೊಳ್ಳು’ ಎಂದರೆ ಎಡಕ್ಕೆ ತಿರುಗು, ‘ಹೊಳ್ಳಿ ಬಾ’ ಎಂದರೆ ವಾಪಸ್ ಬಾ. ಮೈಸೂರು ಕಡೆಯವರಿಗೆ ಹೊರಳುವುದೆಂದರೆ ಹಾಸಿಗೆಯಲ್ಲಿ ಉರುಳುವುದು. ‘ಗಾಡಿ ಹೊರಳಿತು’ ಎಂದು ಬರೆದರೆ ಅವರು ಪಲ್ಟಿಯಾಯಿತೆಂದು ಗಾಬರಿಯಾದಾರು. ‘ತಿರುಗು’ ಬಳಸೋಣವೆಂದರೆ, ಗಾಡಿ ಹಿಡಿತ ತಪ್ಪಿ ಗಿರ್ರನೆ ಸುತ್ತುವುದಕ್ಕೂ ಅದೇ ಪದ ಬೇಕಾಗುತ್ತದೆ.

‘ಓವರ್‌ಸ್ಟೀರ್’ ಅಷ್ಟು ಕಾಡುವುದಿಲ್ಲ. ಹಿಂದಿನ ಗಾಲಿಗಳ ಹಿಡಿತ ಬಿಟ್ಟಾಗ ‘ಹಿಂದ ಜಾರ್ಲತ್ತದ’ ಅಂದರೆ ಮುಗಿಯಿತು, ಅದಕ್ಕೆ ಮದ್ದು ‘ಉಲ್ಟಾ ಸ್ಟೇರಿಂಗ್’. ಅಮೆರಿಕದ ಕಾರ್ ರೇಸಾದ ನ್ಯಾಸ್ಕಾರ್‌ನವರು ಮೊದಲನೆಯ ಹೊಳ್ಳದ ಗಾಡಿಗೆ ‘ಟೈಟ್’, ಹಿಂದ ಜಾರುವ ಗಾಡಿಗೆ ‘ಲೂಸ್’ ಎಂದಷ್ಟೇ ಅನ್ನುತ್ತಾರೆ. ನಾವೂ ‘ಬಿಗಿ’, ‘ಸಡ್ಲ’ ಅನ್ನಬಹುದಿತ್ತು. ಆದರೆ ‘ಸ್ಟೇರಿಂಗ್ ಸಡ್ಲ ಅದ’ ಅಂದರೆ ಮೆಕ್ಯಾನಿಕ್ ತಿಳಿಯುವುದು ಬೇರೆ: ಸ್ವಲ್ಪ ತಿರುವಿದರೂ ಗಾಲಿ ಅಲುಗುವುದಿಲ್ಲ ಎಂದು. ಪ್ಯಾಡಿನಲ್ಲಿ ಹೆಬ್ಬೆರಳಿನಿಂದ ದೂಡುವ ಕಡ್ಡಿಯನ್ನು ತುಸು ದೂಡಿದರೂ ಆಟ ಲೆಕ್ಕಕ್ಕೆ ತೆಗೆದುಕೊಳ್ಳದ ‘ಡೆಡ್ ಝೋನ್’ ಇದೆಯಲ್ಲ, ‘ಸಡ್ಲ’ವನ್ನು ಅದಕ್ಕೆ ಮೀಸಲಿಡುವುದು ಒಳ್ಳೆಯದು.

ಇನ್ನು ಕಂಟ್ರೋಲ್ಸ್, ಅಂದರೆ ಗಾಡಿ ಓಡಿಸಲು ಕೈಯಲ್ಲಿ ಹಿಡಿಯುವ ಸಾಧನಗಳ ವಿಷಯ. ಆಟಕ್ಕೆ ಜೋಡಿಸುವ ಲಾಜಿಟೆಕ್ ಜಿ29ರಂಥ ಸ್ಟೇರಿಂಗ್ ಚಕ್ರ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗುತ್ತದೆ. ಪ್ಯಾಡಿನಲ್ಲಿ ಆ ಕೆಲಸವನ್ನೆಲ್ಲ ಹೆಬ್ಬೆರಳು ಕಡ್ಡಿಯನ್ನು ಇಷ್ಟೇ ಇಷ್ಟು ದೂಡಿ ಮಾಡಬೇಕು. ಹಾಗಾಗಿ ಆಟವೇ ನಡುವೆ ಬಂದು ಗಾಲಿಗಳನ್ನು ನಿಧಾನಕ್ಕೆ ತಿರುವುತ್ತದೆ, ವೇಗ ಹೆಚ್ಚಿದಂತೆ ತಿರುವಿನ ಮಿತಿಯನ್ನೂ ಕಡಿಮೆ ಮಾಡುತ್ತದೆ. ಪ್ಲೇಸ್ಟೇಷನ್ 5ರ ಪ್ಯಾಡಿನಲ್ಲಿ ಬ್ರೇಕಿನ ಗುಂಡಿ ಬೆರಳಿಗೆ ಎದುರು ಒತ್ತುತ್ತದೆ. ‘ಗ್ರ್ಯಾನ್ ಟುರಿಸ್ಮೊ 7’ರಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಾಗ ಅದೇ ಗುಂಡಿ ಬೆರಳ ಕೆಳಗೆ ತಟತಟ ಅದುರುತ್ತದೆ. ಈ ‘ಫೋರ್ಸ್ ಫೀಡ್‌ಬ್ಯಾಕ್’ಗೆ ‘ಬಲ ಪ್ರತಿಕ್ರಿಯೆ’ ಎಂದು ಬರೆಯಲು ಕೈ ಏಳುತ್ತಿಲ್ಲ. ‘ಎದುರೊತ್ತು’ ಹೇಗೆ?

ಧಾರವಾಡ, ವಿಜಯಪುರದವರು ‘ಹೊಳ್ಳವಲ್ದು’ವನ್ನು ಗಾಡಿಗೂ ಅನ್ನುತ್ತೀರಾ? ಮಂಗಳೂರು, ಹಾಸನ, ಚಾಮರಾಜನಗರದ ಡ್ರೈವರುಗಳು ಮಳೆಯಲ್ಲಿ ಗಾಡಿ ತಿರುಗದೆ ನೆಟ್ಟಗೆ ಹೋದಾಗ ಬಾಯಲ್ಲಿ ಏನು ಬರುತ್ತದೆ? ಬೈಗುಳ ಬಿಟ್ಟು ಉಳಿದದ್ದನ್ನು ಬರೆದು ತಿಳಿಸಿ.