ಹಸಿರು ಕ್ಯಾಪ್ಸೂಲ್ ಜಗಳ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ನಡೆದದ್ದು. ಶುಭೋದಯದ ಗುಲಾಬಿ ಹೂಗಳನ್ನು ತೆಗೆದು ಉಳಿದದ್ದನ್ನು ಹಾಕಿದ್ದೇನೆ.

ಚಿಕ್ಕಪ್ಪ (ಫಾರ್ವರ್ಡ್): ಓಡುವವರೇ ಎಚ್ಚರ! ಓಡಿದಷ್ಟೂ ಮೈಯಲ್ಲಿ ಫ್ರೀ ರ್ಯಾಡಿಕಲ್ ಎಂಬ ವಿಷ ಹುಟ್ಟುತ್ತದೆ. ದಿನಾ ವಿಟಮಿನ್ ಸಿ 1000 ಮಿಲಿಗ್ರಾಂ, ವಿಟಮಿನ್ ಇ 400 ತಪ್ಪದೇ ತೆಗೆದುಕೊಳ್ಳಿ. 10 ಜನಕ್ಕೆ ಕಳಿಸಿ.

ಚಿಕ್ಕಪ್ಪ: ಪುಟ್ಟಾ, ಇದು ನಿನಗೇ. 10 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದೀಯಲ್ಲ.

ನಾನು: ಆಗಲೇ ಶುರು ಮಾಡಿದ್ದೇನೆ ಚಿಕ್ಕಪ್ಪ. (ಫೋಟೋ: ಊಟದ ಮೇಜಿನ ಮೇಲೆ ವಿಟಮಿನ್ ಸಿಯ ಕಿತ್ತಳೆ ಬಣ್ಣದ ಚೀಪುವ ಮಾತ್ರೆ, ಪಕ್ಕದಲ್ಲಿ ವಿಟಮಿನ್ ಇಯ ಅರ್ಧ ಖಾಲಿಯಾದ ಹಸಿರು ಕ್ಯಾಪ್ಸೂಲ್ ಶೀಟು.)

ಅತ್ತೆ: ಅಯ್ಯೋ, ಆ ಹಸಿರು ಕ್ಯಾಪ್ಸೂಲ್ ನುಂಗುವುದಾ? ನಾನು ಸೂಜಿಯಲ್ಲಿ ಚುಚ್ಚಿ ಕೊಬ್ಬರಿ ಎಣ್ಣೆಗೆ ಹಿಂಡಿ ತಲೆಗೆ ಹಚ್ಚುತ್ತೇನೆ!

ಅಕ್ಕ: ಚಿಕ್ಕಪ್ಪ, ಇದು ಅರ್ಧ ನಿಜ. ಓಡುವಾಗ ಸ್ನಾಯುಗಳಲ್ಲಿ ಫ್ರೀ ರ್ಯಾಡಿಕಲ್, ಅಂದರೆ ಸಿಕ್ಕಿದ್ದರ ಜೊತೆ ತಟ್ಟನೆ ವರ್ತಿಸುವ ಕಣಗಳು, ಜಾಸ್ತಿ ಹುಟ್ಟುವುದು ಹೌದು. ಅದಕ್ಕೇ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುವುದು. ಆದರೆ ಅವು ಬರೀ ವಿಷ ಅಲ್ಲ. ‘ಇವತ್ತು ಕೆಲಸ ಜಾಸ್ತಿ ಆಯಿತು, ಗಟ್ಟಿಯಾಗು’ ಅಂತ ಸ್ನಾಯುವಿಗೆ ಸುದ್ದಿ ಮುಟ್ಟಿಸುವುದೂ ಅವೇ. ವಿಟಮಿನ್ ಸಿ, ಇ ಅವನ್ನು ಅಡಗಿಸುತ್ತವೆ; ರಾಶಿ ನುಂಗಿದರೆ ಆ ಸುದ್ದಿಯೂ ಮುಟ್ಟದೇ ಹೋಗಬಹುದು.

ಚಿಕ್ಕಪ್ಪ: ಅವೇನು ಪೋಸ್ಟ್‌ಮ್ಯಾನಾ? ಗೇಟಿಗೆ ತುಕ್ಕು ಹಿಡಿಯುವುದೂ ಆಕ್ಸಿಡೇಷನ್ನೇ. 30 ವರ್ಷ ಕೆಮಿಸ್ಟ್ರಿ ಪಾಠ ಮಾಡಿದವನಿಗೆ ಹೇಳಬೇಡ.

ಅಕ್ಕ: ಗೇಟು ತನ್ನ ತುಕ್ಕನ್ನು ತಾನೇ ಉಜ್ಜಿಕೊಳ್ಳುವುದಿಲ್ಲ, ಮೈ ಉಜ್ಜಿಕೊಳ್ಳುತ್ತದೆ. ದಿನಾ ವ್ಯಾಯಾಮ ಮಾಡಿದರೆ ಅದನ್ನು ತಡೆಯುವ ಕಿಣ್ವಗಳನ್ನು ತಾನೇ ಜಾಸ್ತಿ ತಯಾರಿಸುತ್ತದೆ. 2009ರಲ್ಲಿ ಜರ್ಮನಿಯಲ್ಲಿ ಸುಮಾರು 40 ಯುವಕರಿಗೆ 4 ವಾರ ವ್ಯಾಯಾಮ ಮಾಡಿಸಿದರು. ಅರ್ಧ ಜನಕ್ಕೆ ನಿಮ್ಮ ಫಾರ್ವರ್ಡಿನ ಅಳತೆಯೇ ಕೊಟ್ಟರು, ಸಿ 1000 ಮಿಲಿಗ್ರಾಂ, ಇ 400 ಯೂನಿಟ್. ಮಾತ್ರೆ ಇಲ್ಲದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು, ಆ ಕಿಣ್ವಗಳೂ ಏರಿದವು. ನುಂಗಿದವರಿಗೆ ಆ ಲಾಭ ಸಿಗಲಿಲ್ಲ.

ಚಿಕ್ಕಪ್ಪ: ಒಂದು ಪ್ರಯೋಗದ ಮೇಲೆ ತೀರ್ಪು ಕೊಡುತ್ತೀಯಾ?

ಅಕ್ಕ: 2014ರಲ್ಲಿ ನಾರ್ವೆಯಲ್ಲೂ ಮಾಡಿದರು. 54 ಜನ, 11 ವಾರ. ಸ್ನಾಯುವಿನ ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಹೆಚ್ಚುವ ಗುರುತುಗಳು ಮಾತ್ರೆ ಇಲ್ಲದವರಲ್ಲಿ ಮಾತ್ರ ಏರಿದವು.

ಭಾವ: ಅದನ್ನು ಪೂರ್ತಿ ಹೇಳು ಮಾರಾಯ್ತಿ. ಓಟದಲ್ಲಿ ಎರಡೂ ಗುಂಪು ಒಂದೇ ಥರ ಸುಧಾರಿಸಿದ್ದವು.

ಚಿಕ್ಕಪ್ಪ: ಹಾಗಿದ್ದ ಮೇಲೆ ನಷ್ಟ ಏನು?

ಅಕ್ಕ: ಲಾಭ ಏನು ಚಿಕ್ಕಪ್ಪ? ಅಷ್ಟು ದುಡ್ಡು ಸುಮ್ನೆ ಯಾಕೆ ಹಾಕಬೇಕು?

ಭಾವ: ಇನ್ನೊಂದು ಇದೆ. ಮ್ಯಾರಥಾನ್ ಓಡುವವರು, ಹಿಮದಲ್ಲಿ ಸ್ಕೀ ಮಾಡುವವರು, ಸೈನಿಕರು ಸೇರಿ 600 ಜನರ ಹತ್ತಿರದ ಲೆಕ್ಕ. ವಿಟಮಿನ್ ಸಿ ತೆಗೆದುಕೊಂಡವರಿಗೆ ನೆಗಡಿ ಅರ್ಧದಷ್ಟು ಕಮ್ಮಿ.

ಚಿಕ್ಕಪ್ಪ: ಆಹಾ! 👏👏

ಅಕ್ಕ: ಅದನ್ನು ಒಪ್ಪುತ್ತೇನೆ. ಆದರೆ ಅದು ಮೈ ಮುರಿಯುವಷ್ಟು ದಣಿಯುವವರ ಮಾತು. ಪುಟ್ಟ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿ ಬೆಂಚಿನ ಮೇಲೆ ಸೆಲ್ಫಿ ತೆಗೆಯುತ್ತಾನೆ.

(ಐದು ಸುತ್ತು. ವಾದಕ್ಕೆ ನಿಲ್ಲಲಿಲ್ಲ.)

ಅತ್ತೆ: ಊಟದಲ್ಲಿ ಸಿಗುವುದಿಲ್ವಾ ಇದೆಲ್ಲ?

ಅಕ್ಕ: ಸಿಗುತ್ತದೆ ಅತ್ತೆ. ಗಂಡಸರಿಗೆ ದಿನಕ್ಕೆ 80 ಮಿಲಿಗ್ರಾಂ ಸಿ ಸಾಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುತ್ತದೆ. 100 ಗ್ರಾಂ ಸೀಬೆಯಲ್ಲಿ 200ರ ಸುಮಾರು ಇರುತ್ತದೆ. ಸೊಪ್ಪು, ನೆಲ್ಲಿಕಾಯಿ ಬೇರೆ. ಮಾತ್ರೆಯ ಹಾಗೆ ಒಂದೇ ವಸ್ತುವನ್ನು ರಾಶಿ ಸುರಿಯುವುದಿಲ್ಲ ಅವು.

ನಾನು: ರಾತ್ರಿ ಸೊಪ್ಪು ತಿನ್ನುತ್ತೇನೆ. ಅನ್ನ ಮಾತ್ರ ಬಿಟ್ಟಿದ್ದೇನೆ.

ಅತ್ತೆ: ಏನು ಬಿಟ್ಟಿದ್ದೀಯಾ?

ನಾನು: ಅನ್ನ. ಹೊಟ್ಟೆ ಕರಗಲಿ ಅಂತ. ಚಪಾತಿನೂ ಇಲ್ಲ.

ಅಕ್ಕ: ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಓಡಿ, ರಾತ್ರಿ ಅನ್ನ ಬಿಟ್ಟು, ಮೇಲೆ ಮಾತ್ರೆ! ಜೋರಾಗಿ ಓಡುವಾಗ ಸ್ನಾಯು ಉರಿಸುವುದು ಹೆಚ್ಚಾಗಿ ಅದರಲ್ಲಿರುವ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ. ಅದು ತುಂಬುವುದು ಅನ್ನ, ಮುದ್ದೆ, ಬಾಳೆಹಣ್ಣಿನಿಂದ. ಮೊದಲು ಅದನ್ನು ತುಂಬು.

ಚಿಕ್ಕಪ್ಪ: ಪುಟ್ಟಾ, ಅನ್ನ ಬಿಡು ಅಂತ ನಾನು ಹೇಳಿಲ್ಲ. ಗುಂಪಿನಲ್ಲಿ ಎಲ್ಲರೂ ಗಮನಿಸಿ.

ಅತ್ತೆ: ಭಾನುವಾರ ಇಲ್ಲಿಗೇ ಬಾ. ಮೊಸರನ್ನ, ಬಸ್ಸಾರು ಮಾಡಿರುತ್ತೇನೆ. ಹಿತ್ತಲ ಸೀಬೆ ಅಳಿಲು ಕಚ್ಚುವ ಮೊದಲು ಕಿತ್ತುಕೋ.

ಚಿಕ್ಕಪ್ಪ: ನನಗೂ ನಾಲ್ಕು ಎತ್ತಿಡಕ್ಕಾ. ಮೆತ್ತಗಿರುವುದು. ಬೀಜ ಹಲ್ಲುಸೆಟ್ಟಿಗೆ ಸಿಕ್ಕಿಕೊಳ್ಳುತ್ತದೆ.

ಅತ್ತೆ: ಪುಟ್ಟಾ, ಉಳಿದ ಹಸಿರು ಕ್ಯಾಪ್ಸೂಲ್ ಎಸೆಯಬೇಡ. ಬರುವಾಗ ತಗೊಂಡು ಬಾ.